ನೋಟ್ಸ್ ಇದೆ, ಸದ್ದಿಲ್ಲ

ಒಂದು ಮೆಷಿನ್ನು ಹಾಡನ್ನು ನೆನಪಿಟ್ಟುಕೊಳ್ಳೋಕೆ ಎರಡು ದಾರಿ ಇವೆ. ಮೊದಲನೇದು, ಸದ್ದನ್ನೇ ಹಿಡಿದಿಡೋದು. ಟೇಪು, ಕ್ಯಾಸೆಟ್ಟು, ಸಿಡಿ, ನಿಮ್ಮ ಫೋನಿನ ಎಂಪಿ3 ಎಲ್ಲ ಈ ಜಾತಿಗೆ ಸೇರಿದವು. ಎರಡನೇದು, ಸದ್ದು ಹುಟ್ಟಿಸೋಕೆ ಬೇಕಾದ ಆಜ್ಞೆಗಳನ್ನ ಬರೆದಿಡೋದು. ಈ ಹೊತ್ತಿಗೆ ಈ ಕೀ ಒತ್ತು, ಇಷ್ಟು ಜೋರಾಗಿ ಒತ್ತು, ಇಷ್ಟು ಹೊತ್ತಾದ ಮೇಲೆ ಕೈ ತೆಗೆ. ಹೀಗೆ ಆಜ್ಞೆಗಳನ್ನ ಸಾಲಾಗಿ ಇಟ್ಟುಕೊಂಡು, ಹೇಳಿದ ಹೊತ್ತಿಗೆ ಸಿಂಥಸೈಜರಿಗೆ ಕಳಿಸೋ ಮೆಷಿನ್ನಿಗೆ ಸೀಕ್ವೆನ್ಸರ್ ಅಂತ ಹೆಸರು.

ನಮ್ಮ ಐಟಿ ಭಾಷೆಯಲ್ಲಿ ಹೇಳೋದಾದ್ರೆ ಮೊದಲನೇದು ಬಿಲ್ಡ್, ಎರಡನೇದು ಸೋರ್ಸ್ ಕೋಡ್. ಸೋರ್ಸ್ ಕೋಡ್ ಇದ್ದರೆ ಏನು ಬೇಕಾದ್ರೂ ಬದಲಾಯಿಸಬಹುದು, ಸರಿ. ಆದರೆ ಅದು ಓಡೋಕೆ ಆ ಕಾಲದ ಕಂಪೈಲರ್ ಬೇಕು, ಆ ಕಾಲದ ಲೈಬ್ರರಿ ಬೇಕು. ಅವು ಹೋದ ದಿನ ಕೋಡ್ ಬರೀ ಓದೋ ಸಾಹಿತ್ಯ. ಸಿಂಥಸೈಜರ್ ಸಂಗೀತದ ಪಾಡೂ ಇದೇ. ಅದಕ್ಕೇ ಹಾರ್ಡ್‌ವೇರ್ ಸೀಕ್ವೆನ್ಸರ್ ಇಟ್ಟುಕೊಂಡು ಹಾಡು ಕಟ್ಟೋರು ಕೊನೆಗೆ ಒಂದು ಬೇಜಾರಿನ ಕೆಲಸ ಮಾಡಲೇಬೇಕು. ಹೊರಗಿನ ಸಿಂಥಸೈಜರುಗಳನ್ನ ಒಂದೊಂದಾಗಿ ನುಡಿಸಿ, ಆ ಸದ್ದನ್ನ ವಾಪಸ್ಸು ಸೀಕ್ವೆನ್ಸರಿನ ಆಡಿಯೋ ಟ್ರ್ಯಾಕಿಗೆ ರೆಕಾರ್ಡ್ ಮಾಡಿಕೊಂಡು, ಆಮೇಲೆ ಫೈನಲ್ ಮಿಕ್ಸ್‌ಡೌನ್. ಇದನ್ನ ‘ಆಮೇಲೆ ನೋಡೋಣ’ ಅಂತ ಮುಂದೂಡಿದೋರ ಕತೆ ದೊಡ್ಡದಿದೆ. ಆ ಕತೆ ಜಪಾನಿನಲ್ಲಿ ಶುರುವಾಗಿ ನಮ್ಮೂರು ಸೋಲೂರಿನವರೆಗೂ ಬಂದಿದೆ ಅನ್ನೋದು ನನಗೆ ಗೊತ್ತಾಗಿದ್ದು ಇತ್ತೀಚೆಗೆ.

ಆಜ್ಞೆ ಬರೆದಿಡೋ ಐಡಿಯಾ ಹೊಸದೇನಲ್ಲ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಿಗೆ ಹೋದ್ರೆ ಮಗ್ಗದ ಮೇಲುಗಡೆ ತೂತು ತೂತಿನ ರಟ್ಟಿನ ಕಾರ್ಡುಗಳು ಸಾಲಾಗಿ ನೇತಾಡೋದು ಕಾಣುತ್ತೆ. ಅದು ಜಕಾರ್ಡ್. ಯಾವ ದಾರ ಮೇಲೇಳಬೇಕು ಅಂತ ಆ ತೂತು ಹೇಳುತ್ತೆ, ಸೀರೆಯ ಅಂಚಲ್ಲಿ ನವಿಲು ಮೂಡುತ್ತೆ. ನೂರು ವರ್ಷದ ಹಿಂದೆ ಅಮೆರಿಕದ ಮನೆಗಳಲ್ಲಿ ಇದೇ ಥರ ತೂತು ಕೊರೆದ ಕಾಗದದ ಸುರುಳಿ ಹಾಕಿದ್ರೆ ತಾನಾಗೇ ನುಡಿಯೋ ಪಿಯಾನೋಗಳಿದ್ದವು. ಇವತ್ತಿನ ಮ್ಯೂಸಿಕ್ ಸಾಫ್ಟ್‌ವೇರಿನಲ್ಲಿ ಸ್ವರಗಳನ್ನ ಗೀಟು ಗೀಟಾಗಿ ತೋರಿಸೋ ಸ್ಕ್ರೀನಿಗೆ ಇನ್ನೂ ‘ಪಿಯಾನೋ ರೋಲ್’ ಅಂತಲೇ ಹೆಸರು. ಆದರೆ ಕಾರ್ಡು ಸೀರೆಯಲ್ಲ, ಸುರುಳಿ ಸಂಗೀತವಲ್ಲ. ಮಗ್ಗ ಹೋದ್ರೆ ಕಾರ್ಡನ್ನ ಉಟ್ಟುಕೊಳ್ಳೋಕಾಗಲ್ಲ.

1977ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ಎಂಸಿ-8 ಅನ್ನೋ ಸೀಕ್ವೆನ್ಸರ್ ತಂತು. ಒಳಗೆ ಮೈಕ್ರೋಪ್ರೊಸೆಸರ್, 16 ಕಿಲೋಬೈಟ್ ಮೆಮೊರಿ. ಅದರಲ್ಲಿ ಸಂಗೀತ ನುಡಿಸಬೇಕಾಗಿರಲಿಲ್ಲ, ಟೈಪ್ ಮಾಡಬೇಕಿತ್ತು. ಪ್ರತಿ ಸ್ವರಕ್ಕೂ ನಂಬರು, ಪ್ರತಿ ಉದ್ದಕ್ಕೂ ನಂಬರು, ಕ್ಯಾಲ್ಕುಲೇಟರ್ ಥರದ ಗುಂಡಿಗಳಲ್ಲಿ. ಪ್ರಪಂಚದಲ್ಲೆಲ್ಲ ಸೇರಿ ಮಾರಾಟವಾಗಿದ್ದು ಸುಮಾರು 200. ಆದರೂ ಒಬ್ಬನೇ ಮನುಷ್ಯ ಎಂಟು ಜನರ ಪಾರ್ಟು ಬರೆದಿಟ್ಟು ಒಟ್ಟಿಗೆ ನುಡಿಸಬಹುದು ಅಂತ ಅದು ತೋರಿಸಿಕೊಡ್ತು.

ಆಗಿದ್ದ ಕಷ್ಟ ಅಂದ್ರೆ ಒಂದು ಕಂಪನಿಯ ಮೆಷಿನ್ನು ಇನ್ನೊಂದರ ಮಾತು ಕೇಳ್ತಿರಲಿಲ್ಲ. 1981ರಲ್ಲಿ ಅಮೆರಿಕದ ಡೇವ್ ಸ್ಮಿತ್, ಎಲ್ಲಾ ಸಿಂಥಸೈಜರಿಗೂ ಒಂದೇ ಭಾಷೆ ಇರಲಿ ಅಂತ ಒಂದು ಪ್ರಸ್ತಾವ ಇಟ್ಟರು. ಇದಕ್ಕೆ ಜಪಾನ್ ಕಡೆಯಿಂದ ಒತ್ತಾಸೆಯಾಗಿ ನಿಂತವರು ರೋಲ್ಯಾಂಡ್ ಸ್ಥಾಪಕ ಇಕುತಾರೊ ಕಾಕೆಹಾಶಿ. 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಮೇಳದಲ್ಲಿ ಸ್ಮಿತ್ ಕಂಪನಿಯ ಪ್ರಾಫೆಟ್-600ಕ್ಕೂ ರೋಲ್ಯಾಂಡಿನ ಜುಪಿಟರ್-6ಕ್ಕೂ ಕೇಬಲ್ ಹಾಕಿದರು. ಒಂದರಲ್ಲಿ ಕೀ ಒತ್ತಿದರೆ ಇನ್ನೊಂದು ನುಡೀತು. ಆ ಭಾಷೆಯ ಹೆಸರು ಮಿಡಿ. ಉಪ್ಪಿನಕಾಯಿ ಮಿಡಿ ಅಲ್ಲ. ಆದರೂ ತಂತಿ ಮಿಡಿಯೋದು ಅಂತೀವಲ್ಲ, ಆ ಅರ್ಥದಲ್ಲಿ ನೋಡಿದ್ರೆ ಕನ್ನಡಕ್ಕೆ ಚೆನ್ನಾಗೇ ಹೊಂದುತ್ತೆ. ಪೇಟೆಂಟು ಹಣ ಕೇಳದೆ ಬಿಟ್ಟುಕೊಟ್ಟ ಈ ಕೆಲಸಕ್ಕೆ ಇಬ್ಬರಿಗೂ 2013ರಲ್ಲಿ ಟೆಕ್ನಿಕಲ್ ಗ್ರ್ಯಾಮಿ ಬಂತು.

ಮಿಡಿ ಕೇಬಲ್ಲಲ್ಲಿ ಸದ್ದು ಹರಿಯಲ್ಲ. ಹರಿಯೋದು ಸೆಕೆಂಡಿಗೆ 31,250 ಬಿಟ್. ಒಂದು ಸ್ವರ ಶುರು ಮಾಡು ಅನ್ನೋ ಸಂದೇಶಕ್ಕೆ ಮೂರು ಬೈಟ್ ಸಾಕು: ಯಾವ ಚಾನೆಲ್ಲು, ಯಾವ ಕೀ, 1ರಿಂದ 127ರೊಳಗೆ ಎಷ್ಟು ಬಲ. ಆ ಮೂರು ಬೈಟ್ ಹೋಗೋಕೆ ಹತ್ತಿರ ಹತ್ತಿರ ಒಂದು ಮಿಲಿಸೆಕೆಂಡ್. ಒಂದು ಕೇಬಲ್ಲಲ್ಲಿ 16 ಚಾನೆಲ್. ಅಂದ್ರೆ ಒಂದು ಚಿಕ್ಕ ಡಬ್ಬ ಕೂತಲ್ಲೇ ಹದಿನಾರು ವಾದ್ಯದೋರಿಗೆ ಕೈಸನ್ನೆ ಮಾಡಬಹುದು.

ನಮ್ಮ ಕಡೆ ಆಗ ಏನಾಗ್ತಿತ್ತು? ಕನ್ನಡ ಸಿನಿಮಾ ಹಾಡುಗಳು ಬಹುಕಾಲ ರೆಕಾರ್ಡ್ ಆಗ್ತಿದ್ದದ್ದು ಮದ್ರಾಸಿನಲ್ಲಿ. ಗಾಯಕರು, ಸಾಲಾಗಿ ಕೂತ ವಯಲಿನ್ನಿನೋರು, ತಬಲ, ಢೋಲಕ್, ಕೊಳಲು, ಎಲ್ಲರೂ ಒಂದೇ ಹೊತ್ತಿಗೆ ನುಡಿಸಬೇಕು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿಂದ. ಅಲ್ಲಿ ಜಿ.ಕೆ. ವೆಂಕಟೇಶ್ ಅವರ ಹತ್ತಿರ ಕನ್ನಡ ಸಿನಿಮಾಗಳಿಗೆ ಸಹಾಯಕರಾಗಿ ದುಡಿದು ಪಳಗಿದವರು ಇಳಯರಾಜ. ಅದೇ ಇಳಯರಾಜ 1986ರಲ್ಲಿ ‘ಪುನ್ನಗೈ ಮನ್ನನ್’ ಸಿನಿಮಾದ ಥೀಮ್ ಸಂಗೀತಕ್ಕೆ ಬರೋ ಹೊತ್ತಿಗೆ ಸೀಕ್ವೆನ್ಸರನ್ನ ಕೈಗೆ ತಗೊಂಡಿದ್ದರು. ಅವರ ಹತ್ತಿರ ಕೀಬೋರ್ಡ್ ನುಡಿಸ್ತಿದ್ದ ಹುಡುಗ ನಮ್ಮ ವಿಜಯಭಾಸ್ಕರ್, ಹಂಸಲೇಖ ಅವರ ವಾದ್ಯವೃಂದದಲ್ಲೂ ಕೂತಿದ್ದ. ಅವನೇ ಮುಂದೆ ಎ.ಆರ್. ರೆಹಮಾನ್. ಕೋಡಂಬಾಕ್ಕಂನ ತನ್ನ ಮನೆ ಪಕ್ಕದಲ್ಲೇ ಸ್ಟುಡಿಯೋ ಕಟ್ಟಿಕೊಂಡು, ಪದರ ಪದರವಾಗಿ ಹಾಡು ಪೇರಿಸಿ, 1992ರಲ್ಲಿ ‘ರೋಜಾ’ ಕೊಟ್ಟರು. ಇತ್ತ ಬೆಂಗಳೂರಿನಲ್ಲಿ ಶಂಕರ್‌ನಾಗ್ ಸಂಕೇತ್ ಸ್ಟುಡಿಯೋ ಮಾಡಿದರು, ಹಾಡಿಗಾಗಿ ಮದ್ರಾಸ್ ರೈಲು ಹತ್ತಲೇಬೇಕು ಅನ್ನೋ ಕಾಲ ಮುಗೀತಾ ಬಂತು. 1987ರ ‘ಪ್ರೇಮಲೋಕ’ ಬಂದಾಗ ಕನ್ನಡದ ಕಿವಿ ಸಿಂಥಸೈಜರಿಗೆ ಪೂರ್ತಿ ಒಗ್ಗಿಹೋಯ್ತು. ನಮ್ಮಣ್ಣಂದಿರ ತಲೆಮಾರಿಗೆ ಅದು ಬರೀ ಸಿನಿಮಾ ಅಲ್ಲ ಬಿಡಿ.

ಇದಕ್ಕಿಂತ ಮೊದಲೇ, ಮಿಡಿ ಬರೋಕೂ ಮುಂಚೆ, ಬೊಂಬಾಯಿಯಲ್ಲಿ ಒಬ್ಬರು ವಿಚಿತ್ರ ಕೆಲಸ ಮಾಡಿದ್ದರು. ಹಿಂದಿ ಸಿನಿಮಾಗಳಿಗೆ ವಾದ್ಯ ನುಡಿಸ್ತಿದ್ದ ಚರಣ್‌ಜಿತ್ ಸಿಂಗ್. ರೋಲ್ಯಾಂಡಿನ ಮೂರು ಮೆಷಿನ್ನು ತಂದರು. ತಾಳಕ್ಕೆ ಟಿಆರ್-808. ಬೇಸ್ ಗಿಟಾರಿನ ಬದಲು, ಒಳಗೇ ಸೀಕ್ವೆನ್ಸರ್ ಇದ್ದ ಟಿಬಿ-303. ಮೇಲೆ ರಾಗ ನುಡಿಸೋಕೆ ಜುಪಿಟರ್-8. ಭೈರವ್, ಲಲಿತ್, ತೋಡಿ, ಯಮನ್, ಮಾಲ್‌ಕೌಂಸ್ ಅಂತ ಹತ್ತು ರಾಗಗಳನ್ನ ಡಿಸ್ಕೋ ಬೀಟಿಗೆ ಕೂರಿಸಿ 1982ರಲ್ಲಿ ಒಂದು ಎಲ್‌ಪಿ ತಂದರು. ಆಗ ಯಾರೂ ಮೂಸಿ ನೋಡಲಿಲ್ಲ. 2010ರಲ್ಲಿ ಯೂರೋಪಿನವರೊಬ್ಬರು ಅದನ್ನ ಮತ್ತೆ ಅಚ್ಚು ಹಾಕಿಸಿದಾಗ, ‘ಇದು ಆಸಿಡ್ ಹೌಸ್ ಸಂಗೀತದಂಗೇ ಇದೆ, ಆದರೆ ಅದಕ್ಕಿಂತ ಎಷ್ಟೋ ಮುಂಚಿನದು!’ ಅಂತ ಪ್ರಪಂಚವೇ ಕಣ್ಣರಳಿಸಿತು. ಅವರು ಆ ಡಬ್ಬಗಳಲ್ಲಿ ಕೂರಿಸಿದ ಪ್ಯಾಟರ್ನುಗಳು ಎಲ್ಲಿ ಹೋದವೋ ಯಾರಿಗೆ ಬೇಕು? ಸದ್ದು ಎಲ್‌ಪಿಯ ಗೆರೆಯಲ್ಲಿ ಕೂತಿತ್ತು. ಅದಕ್ಕೇ 28 ವರ್ಷ ಕಾದು ನಮಗೆ ಸಿಕ್ತು.

ಹಾಗಾದ್ರೆ ಎಲ್ಲರೂ ಸದ್ದನ್ನೇ ಸೀಕ್ವೆನ್ಸರಿನಲ್ಲಿ ಇಟ್ಟುಬಿಡಬಹುದಿತ್ತಲ್ಲ? ಇಲ್ಲಿ ಒಂದು ಸಣ್ಣ ಲೆಕ್ಕ ಹಾಕಿ. ಸಿಡಿ ಗುಣಮಟ್ಟದ ಸ್ಟೀರಿಯೋ ಸದ್ದಿಗೆ ಸೆಕೆಂಡಿಗೆ 1,76,400 ಬೈಟ್ ಬೇಕು. ಅಂದ್ರೆ 1.44 ಎಂಬಿ ಫ್ಲಾಪಿಯಲ್ಲಿ ಎಂಟು ಸೆಕೆಂಡು ಚಿಲ್ಲರೆ. ಪಲ್ಲವಿಯ ಮೊದಲ ಸಾಲೂ ಮುಗಿಯಲ್ಲ. ಅದೇ ಫ್ಲಾಪಿಯಲ್ಲಿ ಮಿಡಿ ಆಜ್ಞೆಗಳಾದ್ರೆ ಒಂದು ಹಾಡಿಗೆ ಐವತ್ತೋ ಅರವತ್ತೋ ಕಿಲೋಬೈಟ್, ಇಪ್ಪತ್ತು ಹಾಡು ಆರಾಮಾಗಿ ಕೂರುತ್ತೆ. 1988ರಲ್ಲಿ ರೋಜರ್ ಲಿನ್ ಡಿಸೈನ್ ಮಾಡಿದ, ಆಕೈ ಕಂಪನಿಯ ಎಂಪಿಸಿ60 ಬಂತು. ಅದೂ ಸೀಕ್ವೆನ್ಸರೇ, ಜೊತೆಗೆ ಸ್ಯಾಂಪ್ಲರ್. ಇಡೀ ಮೆಷಿನ್ನಿನಲ್ಲಿ ಹಿಡಿಸ್ತಿದ್ದ ಸದ್ದು ಸುಮಾರು 13 ಸೆಕೆಂಡ್. ಡ್ರಮ್ಮಿನ ಚಿಕ್ಕ ಚಿಕ್ಕ ಏಟುಗಳಿಗೆ ಸರಿ. ಹೊರಗಿನ ಸಿಂಥಸೈಜರಿನ ನಾಲ್ಕು ನಿಮಿಷದ ನುಡಿಕೆಗೆ ಜಾಗ ಎಲ್ಲಿ?

ಅದಕ್ಕೆ ಸ್ಟುಡಿಯೋದವರು ಒಂದು ಜಾಣ ಉಪಾಯ ಕಂಡುಕೊಂಡರು. 24 ಟ್ರ್ಯಾಕಿನ ಟೇಪಿನಲ್ಲಿ ಒಂದು ಟ್ರ್ಯಾಕನ್ನ ಬಲಿಕೊಟ್ಟು ಅದರಲ್ಲಿ ಕಾಲದ ಗುರುತು ತುಂಬೋದು. ಅದನ್ನ ಕೇಳಿದ್ರೆ ಫ್ಯಾಕ್ಸ್ ಮೆಷಿನ್ ಕಿರುಚಿದಂಗಿರುತ್ತೆ. ಸೀಕ್ವೆನ್ಸರ್ ಆ ಕಿರುಚಾಟ ಕೇಳಿಸಿಕೊಳ್ತಾ ಟೇಪಿನ ಹೆಜ್ಜೆಗೆ ಹೆಜ್ಜೆ ಹಾಕುತ್ತೆ. ಟೇಪಿನಲ್ಲಿ ಗಾಯಕರು, ಕೊಳಲು, ವಯಲಿನ್ನು. ಸಿಂಥಸೈಜರ್ ಮಾತ್ರ ಟೇಪಿಗೆ ಹೋಗೋದೇ ಇಲ್ಲ. ಮಿಕ್ಸ್‌ಡೌನ್ ದಿನ ಟೇಪು ಓಡ್ತಾ ಇರುತ್ತೆ, ಸಿಂಥಸೈಜರುಗಳು ಅಲ್ಲೇ ಲೈವ್ ಆಗಿ ನುಡೀತಾ ಇರುತ್ತವೆ, ಎಲ್ಲ ಸೇರಿ ಮಿಕ್ಸರ್ ಹಾದು ಎರಡು ಟ್ರ್ಯಾಕಿನ ಮಾಸ್ಟರಿಗೆ ಇಳಿಯುತ್ತೆ. ಟೇಪು ಉಳೀತು, ಟ್ರ್ಯಾಕು ಉಳೀತು, ಕೊನೇ ಗಳಿಗೆವರೆಗೂ ಸ್ವರ ಬದಲಾಯಿಸೋ ಸ್ವಾತಂತ್ರ್ಯ ಸಿಕ್ತು. ಕಳಕೊಂಡಿದ್ದು ಏನು? ಮಾರನೇ ದಿನ ಬಾಡಿಗೆ ಸಿಂಥಸೈಜರ್ ವಾಪಸ್ಸು ಹೋದ್ರೆ ಆ ಹಾಡನ್ನ ಮತ್ತೆ ಮಿಕ್ಸ್ ಮಾಡೋ ಮಾತೇ ಇಲ್ಲ. ಉಳಿದಿದ್ದು ಆ ಮಾಸ್ಟರು, ಅದರಿಂದ ಇಳಿಸಿದ ಕ್ಯಾಸೆಟ್ಟು.

ಬೆಂಗಳೂರಿಗೂ ಈ ಚರಿತ್ರೆಯಲ್ಲಿ ತನ್ನದೇ ಪಾಲಿದೆ. ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ, ಕೊಳಲು ವಾದಕರೂ ಆದ ಜಿ. ರಾಜ್‌ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ಅವರ ರೇಡೆಲ್ ಕಂಪನಿ ಆಮೇಲೆ ತಾಳ ನುಡಿಸೋ ಡಬ್ಬವನ್ನೂ ತಂತು. ಸಂಗೀತದ ಪಾಠಕ್ಕೆ ಹೋಗೋ ಮಕ್ಕಳ ಮನೆಯಲ್ಲಿ ಆ ಡಬ್ಬ ನೀವು ನೋಡಿರ್ತೀರಿ. ಅದೂ ಒಂದು ಸೀಕ್ವೆನ್ಸರೇ, ಸದ್ದೂ ಅದರದ್ದೇ. ಹೊರದೇಶದ ಮೆಷಿನ್ನುಗಳು ನಾಲ್ಕು ಎಣಿಕೆ ಬಿಟ್ಟು ಆಚೆ ಯೋಚನೆ ಮಾಡೋಕೆ ಒದ್ದಾಡ್ತಿದ್ದಾಗ ನಮ್ಮ ಡಬ್ಬಕ್ಕೆ ರೂಪಕ, ಮಿಶ್ರಛಾಪು ಹುಟ್ಟಿದಾಗಲೇ ಗೊತ್ತಿತ್ತು. 1991ರಲ್ಲಿ ಎಲ್ಲಾ ಕಂಪನಿಗಳೂ ಒಪ್ಪಿಕೊಂಡ ‘ಜನರಲ್ ಮಿಡಿ’ ಅನ್ನೋ 128 ವಾದ್ಯಗಳ ಪಟ್ಟಿ ನೋಡಿ. 105ನೇದು ಸಿತಾರ್, 112ನೇದು ಶಹನಾಯಿ. ತಬಲ ಇಲ್ಲ, ಮೃದಂಗ ಇಲ್ಲ. ತಮಟೆಯಂತೂ ಕೇಳಲೇಬೇಡಿ. ಹಾರ್ಮೋನಿಯಂ ಬೇಕು ಅಂದ್ರೆ 21ನೇ ನಂಬರಿನ ರೀಡ್ ಆರ್ಗನ್ನಿನಲ್ಲಿ ಸಮಾಧಾನ ಪಟ್ಟುಕೊಳ್ಳಬೇಕು.

ಈಗ ಸೋಲೂರಿಗೆ ಬರೋಣ. ನೆಲಮಂಗಲ ದಾಟಿ ಹಾಸನದ ಹೈವೇ ಹಿಡಿದ್ರೆ ಕುಣಿಗಲ್ಲಿಗೆ ಮುಂಚೆ ಸಿಗೋ ಊರು. ನಾನು ಓದುವಾಗ ಮಾಗಡಿ ತಾಲ್ಲೂಕಿನ ಹೋಬಳಿ. ಧರ್ಮಸ್ಥಳಕ್ಕೆ ಹೋಗೋ ಬಸ್ಸಿನಲ್ಲಿ ಕೂತೋರಿಗೆ ಅದು ಒಂದು ಬೋರ್ಡು, ನಾಲ್ಕು ಟೀ ಅಂಗಡಿ. ನಮ್ಮ ಕಡೆ ಸಂಗೀತಕ್ಕೆ ಎರಡು ಸಂದರ್ಭ. ಗಣೇಶನ ಹಬ್ಬಕ್ಕೆ ರಸಮಂಜರಿ, ಸುಗ್ಗಿ ಮುಗಿದ ಮೇಲೆ ಪೌರಾಣಿಕ ನಾಟಕ. ನಾಟಕ ಅಂದ್ರೆ ಹೆಚ್ಚಿಗೆ ‘ಕುರುಕ್ಷೇತ್ರ’. ದುಡ್ಡು ಕೊಟ್ಟು ಪಾರ್ಟು ತಗೊಂಡ ರೈತರು, ಲೈನ್‌ಮನ್ನು, ಪಂಚಾಯ್ತಿ ಮೆಂಬರ್ರು ಎಲ್ಲರೂ ತಿಂಗಳುಗಟ್ಟಲೆ ರಾತ್ರಿ ಹೊತ್ತು ಪ್ರಾಕ್ಟೀಸು ಮಾಡ್ತಾರೆ. ಅವರ ಮಧ್ಯೆ ಹಾರ್ಮೋನಿಯಂ ಇಟ್ಟುಕೊಂಡು ಕೂರೋರು ಡ್ರಾಮಾ ಮೇಷ್ಟ್ರು. ಮಟ್ಟು ಹೇಳಿಕೊಡೋರೂ ಅವರೇ, ರಾತ್ರಿ ಪೂರ್ತಿ ಸ್ಟೇಜಿನ ಪಕ್ಕ ಕೂತು ನುಡಿಸೋರೂ ಅವರೇ.

ರಸಮಂಜರಿಗೆ ನಾನು ಚಿಕ್ಕವನಿದ್ದಾಗ ಏಳೆಂಟು ಜನ ವಾದ್ಯದೋರು ಮೆಟಡೋರಿನಲ್ಲಿ ಬರ್ತಿದ್ದರು. ಹೈಸ್ಕೂಲಿಗೆ ಬರೋ ಹೊತ್ತಿಗೆ ನಾಲ್ಕು ಜನ ಆದರು. ಫ್ಲಾಪಿ ಹಾಕೋ ಕೀಬೋರ್ಡ್ ಬಂದಿತ್ತು. ಬೇಸು, ವಯಲಿನ್ನು, ಗಿಟಾರು, ಅರ್ಧ ತಾಳ ಎಲ್ಲ ಫ್ಲಾಪಿಯೊಳಗಿಂದ. ಜನಕ್ಕೆ ಖುಷಿಯೋ ಖುಷಿ, ‘ಕ್ಯಾಸೆಟ್ಟಲ್ಲಿದ್ದಂಗೇ ಬತ್ತೈತೆ ಕಣ್ಲಾ’ ಅಂತ. ಮೆಟಡೋರ್ ಹತ್ತದೆ ಉಳಿದ ಆ ನಾಲ್ಕು ಜನ ಏನಾದರು ಅಂತ ಆಗ ಯಾರೂ ಕೇಳಲಿಲ್ಲ. ಮದ್ರಾಸಿನ ವಯಲಿನ್ ಸಾಲುಗಳಿಗೆ ಆಗಿದ್ದೇ ನಮ್ಮ ಹೋಬಳಿಯಲ್ಲೂ ಹದಿನೈದು ವರ್ಷ ತಡವಾಗಿ ಆಯ್ತು.

ಆ ಕೀಬೋರ್ಡ್ ನುಡಿಸ್ತಿದ್ದೋರು ಸೋಲೂರಿನ ಪಕ್ಕದ ಹಳ್ಳಿಯವರು. ಈಗ ಅರವತ್ತರ ಹತ್ತಿರ. ನಾವೆಲ್ಲ ಕೀಬೋರ್ಡ್ ಮಾಸ್ಟ್ರು ಅಂತೀವಿ. ಅವರ ತಂದೆ ಈ ಕಡೆಗೆಲ್ಲ ಹೆಸರಾಗಿದ್ದ ಹಾರ್ಮೋನಿಯಂ ಮೇಷ್ಟ್ರು. 2001ರಲ್ಲಿ, ಅಪ್ಪನಿಗೆ ವಯಸ್ಸಾಯ್ತು, ಮಟ್ಟುಗಳು ಉಳೀಲಿ ಅಂತ ಮಗ ಅವರನ್ನ ಕೀಬೋರ್ಡಿನ ಮುಂದೆ ಕೂರಿಸಿದರು. ಎಡಗೈಯಲ್ಲಿ ತಿದಿ ಒತ್ತಿ ಅಭ್ಯಾಸವಾದ ಮುದುಕರು ಮೊದಲ ದಿನ ಎಡಗೈ ಎಲ್ಲಿಡೋದು ಅಂತಲೇ ಗೊತ್ತಾಗದೆ ಕೂತಿದ್ದರಂತೆ. ಆಮೇಲೆ ಹೊಂದಿಕೊಂಡು ಕುರುಕ್ಷೇತ್ರದ ಮಟ್ಟುಗಳನ್ನ ಒಂದೊಂದಾಗಿ ನುಡಿಸಿದರು. ಕೀಬೋರ್ಡಿನ ಸೀಕ್ವೆನ್ಸರ್ ಅದನ್ನೆಲ್ಲ ಬರೆದುಕೊಳ್ತು, ಫ್ಲಾಪಿಗೆ ಹೋಯ್ತು. ಮೇಷ್ಟ್ರು ಎರಡು ವರ್ಷಕ್ಕೆ ತೀರಿಕೊಂಡರು. ಕೀಬೋರ್ಡು ಹತ್ತು ವರ್ಷಕ್ಕೆ ಕೆಟ್ಟಿತು. 22 ಫ್ಲಾಪಿ ಒಂದು ಬೇಕರಿ ಬಿಸ್ಕತ್ತಿನ ಡಬ್ಬದಲ್ಲಿ ಉಳಿದವು.

“ಕ್ಯಾಸೆಟ್ಟಲ್ಲಿ ಯಾಕೆ ತುಂಬಿಕೊಳ್ಳಲಿಲ್ಲ ಮಾಸ್ಟ್ರೇ?” ಅಂತ ಕೇಳಿದೆ.

“ಕ್ಯಾಸೆಟ್ಟಾದ್ರೆ ಫ್ಯಾನ್ ಸೌಂಡು, ಕೋಳಿ ಸೌಂಡು ಎಲ್ಲ ಬರ್ತದೆ ಕಣಪ್ಪ. ಫ್ಲಾಪೀಲಿ ಕ್ಲೀನಾಗಿರ್ತದೆ. ಕಂಪ್ಯೂಟ್ರು ಐಟಮ್ಮು, ಶಾಶ್ವತ ಅನ್ಕಂಡಿದ್ದೆ.”

ಯುಎಸ್‌ಬಿ ಫ್ಲಾಪಿ ಡ್ರೈವ್ ತರಿಸಿ, ಎರಡು ಭಾನುವಾರ ಕೂತೆ. 17 ಪೂರ್ತಿ ಓದಿದವು, ಮೂರು ಅರ್ಧಂಬರ್ಧ, ಎರಡು ಬೂಷ್ಟು ಹಿಡಿದು ಕೈಕೊಟ್ಟವು. ಫೈಲುಗಳು ಸ್ಟ್ಯಾಂಡರ್ಡ್ ಮಿಡಿ ಆಗಿದ್ದರಿಂದ ಲ್ಯಾಪ್‌ಟಾಪಿನಲ್ಲಿ ತಕ್ಷಣ ತೆರೆದುಕೊಂಡವು. ಪ್ಲೇ ಒತ್ತಿದೆ. ಮಾಸ್ಟ್ರು ಮುಖ ಚಿಕ್ಕದಾಯ್ತು. “ಇದ್ಯಾವ್ದೋ ಹೋಟ್ಲು ಲಿಫ್ಟಲ್ಲಿ ಬರೋ ಮ್ಯೂಜಿಕ್ ಇದ್ದಂಗೈತಲ್ಲಪ್ಪ” ಅಂದರು. ಸರಿಯಾಗೇ ಹೇಳಿದ್ದರು. ಫೈಲಿನಲ್ಲಿ ಇದ್ದದ್ದು 21ನೇ ನಂಬರಿನ ವಾದ್ಯ ಬಳಸು ಅನ್ನೋ ಆಜ್ಞೆ. ಆ ಕೀಬೋರ್ಡಿನ 21ನೇ ವಾದ್ಯವೇ ಬೇರೆ, ನನ್ನ ಲ್ಯಾಪ್‌ಟಾಪಿನ 21ನೇ ವಾದ್ಯವೇ ಬೇರೆ. ನೋಟ್ಸ್ ಇದೆ, ಸದ್ದಿಲ್ಲ.

ಆದರೆ ಸ್ವಲ್ಪ ಹೊತ್ತು ಕೇಳ್ತಾ ಕೇಳ್ತಾ ಅವರು ಕೈ ಎತ್ತಿ ನಿಲ್ಲಿಸಿದರು. “ಇಲ್ನೋಡು, ಇಲ್ಲಿ ಒಂಚೂರು ತಡೀತಾರಲ್ಲ, ಭೀಮನ ಪಾರ್ಟಿನೋನು ಉಸ್ರು ತಗಳ್ಳಿ ಅಂತ. ಅಪ್ಪ ಯಾವಾಗ್ಲೂ ಹಂಗೇ ಮಾಡೋರು.” ಎದುರಿಗೆ ಭೀಮ ಇರಲಿಲ್ಲ, ಹಾಡೋರೂ ಇರಲಿಲ್ಲ. ನಲವತ್ತು ವರ್ಷ ಉಬ್ಬಸದ ಭೀಮಂದಿರನ್ನ ದಡ ಸೇರಿಸಿದ ಕೈ ಅಭ್ಯಾಸಬಲಕ್ಕೆ ತಡೆದಿತ್ತು. ಸ್ಕ್ರೀನಿನಲ್ಲಿ ನೋಡಿದೆ. ಪ್ರತಿ ಎಣಿಕೆಯನ್ನ 96 ಭಾಗ ಮಾಡಿ ಬರೆದುಕೊಂಡಿತ್ತು ಆ ಸೀಕ್ವೆನ್ಸರ್. ನಿಮಿಷಕ್ಕೆ 120 ಎಣಿಕೆಯ ವೇಗದಲ್ಲಿ ಅದು ಸುಮಾರು ಐದು ಮಿಲಿಸೆಕೆಂಡಿಗೆ ಒಂದು ಗುರುತು. ಯಾವ ಬೆರಳು ಎಷ್ಟು ತಡವಾಗಿ ಬಿತ್ತು, ಎಷ್ಟು ಹಗುರಾಗಿ ಬಿತ್ತು ಎಲ್ಲ ಅಲ್ಲಿತ್ತು. ಕ್ಯಾಸೆಟ್ಟಿನಲ್ಲಿ ಕೋಳಿ ಕೂಗಿನ ಜೊತೆ ಮೇಷ್ಟ್ರ ಹಾರ್ಮೋನಿಯಂ ಸದ್ದು ಸಿಗ್ತಿತ್ತು, ಒಪ್ಪಿದೆ. ಬೆರಳಿನ ಲೆಕ್ಕ ಇಷ್ಟು ನಿಖರವಾಗಿ ಸಿಗ್ತಿರಲಿಲ್ಲ.

ಸೀಕ್ವೆನ್ಸರುಗಳಲ್ಲಿ ಕ್ವಾಂಟೈಸ್ ಅಂತ ಒಂದು ಗುಂಡಿ ಇರುತ್ತೆ. ಹಿಂದೆ ಮುಂದೆ ಬಿದ್ದ ಸ್ವರಗಳನ್ನೆಲ್ಲ ಎಳೆದು ಎಣಿಕೆಯ ಗೆರೆ ಮೇಲೆ ಕೂರಿಸೋ ಗುಂಡಿ. ರಸಮಂಜರಿ ಫ್ಲಾಪಿಗಳಲ್ಲೆಲ್ಲ ಮಾಸ್ಟ್ರು ಅದನ್ನ ಒತ್ತಿದ್ದರು, ಡ್ಯಾನ್ಸ್ ಹಾಡಿಗೆ ಬೇಕು. ಅಪ್ಪನ ಫ್ಲಾಪಿಗಳಲ್ಲಿ ಒತ್ತಿರಲಿಲ್ಲ. ಯಾಕೆ ಅಂದಿದ್ದಕ್ಕೆ “ಅಪ್ಪನ್ನ ತಿದ್ದಕ್ಕೆ ನಾನ್ಯಾವನು?” ಅಂದರು. ಒಂದು ಗುಂಡಿ ಒತ್ತದೇ ಇದ್ದದ್ದರಿಂದ ಆ ತಡೆ ಉಳಿದಿದೆ.

ಹಾಗಾಗಿ ಸದ್ದನ್ನ ವಾಪಸ್ಸು ತರೋ ಕೆಲಸ ಶುರುವಾಯ್ತು. ಅದೇ ಮಾಡೆಲ್ಲಿನ ಕೀಬೋರ್ಡು ಸೆಕೆಂಡ್‌ಹ್ಯಾಂಡಿನಲ್ಲಿ ಹುಡುಕೋಕೆ ನಾಲ್ಕು ತಿಂಗಳು ಹಿಡೀತು. ನನ್ನ ಸಹೋದ್ಯೋಗಿಯೊಬ್ಬನ ಹತ್ತಿರ ಎಂಪಿಸಿ ಲೈವ್ ಇತ್ತು. 2017ರಲ್ಲಿ ಬಂದ ಇದು ಆ ಹಳೇ ಎಂಪಿಸಿ60ರ ವಂಶದ್ದೇ. 13 ಸೆಕೆಂಡಿನ ಬಡತನ ಈಗಿಲ್ಲ, ಕಂಪ್ಯೂಟರಿನ ಹಂಗಿಲ್ಲದೆ ಎಂಟು ಆಡಿಯೋ ಟ್ರ್ಯಾಕ್ ಹಿಡಿಸುತ್ತೆ. ಮಿಡಿ ಫೈಲನ್ನ ಅದಕ್ಕೆ ಹಾಕಿ, ಅದರ ಮಿಡಿ ಔಟಿನಿಂದ ಕೀಬೋರ್ಡಿಗೆ ಒಂದು ಕೇಬಲ್, ಕೀಬೋರ್ಡಿನ ಎಡ ಬಲ ಔಟ್‌ಪುಟ್ಟಿನಿಂದ ಅದರ ಇನ್‌ಪುಟ್ಟಿಗೆ ಎರಡು ಕೇಬಲ್. ಆಜ್ಞೆ ಹೋಗುತ್ತೆ, ಸದ್ದು ಬರುತ್ತೆ.

ಈ ಕೆಲಸ ಮಾಡೋರಿಗೆ ಉಪಯೋಗ ಆಗಬಹುದು ಅಂತ ಕ್ರಮ ಹೇಳ್ತೀನಿ. ಎಲ್ಲ ಪಾರ್ಟನ್ನೂ ಒಟ್ಟಿಗೆ ರೆಕಾರ್ಡ್ ಮಾಡಬೇಡಿ. ಮಿಕ್ಕಿದ್ದನ್ನೆಲ್ಲ ಮ್ಯೂಟ್ ಮಾಡಿ, ಮೊದಲು ಬಲಗೈ ಮಟ್ಟು, ಆಮೇಲೆ ಶ್ರುತಿ, ಆಮೇಲೆ ತಾಳ, ಹೀಗೆ ಒಂದೊಂದು ಸಲಕ್ಕೆ ಒಂದೊಂದು ಟ್ರ್ಯಾಕ್. ಒಂದೇ ಕೀಬೋರ್ಡು ಮೂರು ಸಲ ದುಡಿಯುತ್ತೆ, ಮಿಕ್ಸ್ ಮಾಡುವಾಗ ಮೂರಕ್ಕೂ ಬೇರೆ ಬೇರೆ ವಾಲ್ಯೂಮ್ ಸಿಗುತ್ತೆ. ಪ್ರತಿ ಸಲವೂ ಹಾಡಿನ ಮೊದಲ ಎಣಿಕೆಯಿಂದಲೇ ಶುರು ಮಾಡಿ, ಮಧ್ಯದಿಂದಲ್ಲ, ಆಗ ಟ್ರ್ಯಾಕುಗಳು ತಾವಾಗೇ ಒಂದಕ್ಕೊಂದು ಕೂರುತ್ತವೆ. ಮೀಟರ್ ಕೆಂಪು ಮುಟ್ಟೋದು ಬೇಡ, ಗರಿಷ್ಠ ಸದ್ದು ಮೈನಸ್ 10 ಡೆಸಿಬೆಲ್ ಆಸುಪಾಸಿಗೆ ಬಂದರೆ ಸಾಕು. ಕೀಬೋರ್ಡಿನೊಳಗಿನ ರಿವರ್ಬ್ ಆಫ್ ಮಾಡಿ, ಬೇಕಾದ್ರೆ ಕೊನೆಗೆ ಸೇರಿಸಿಕೊಳ್ಳಬಹುದು, ಹತ್ತಿದ್ದನ್ನ ತೊಳೆಯೋಕಾಗಲ್ಲ. ಕೊನೆಯ ಸ್ವರ ಮುಗಿದ ತಕ್ಷಣ ಸ್ಟಾಪ್ ಒತ್ತಬೇಡಿ, ಬಾಲ ಸಾಯೋವರೆಗೂ ನಾಲ್ಕು ಸೆಕೆಂಡ್ ಬಿಡಿ. ಆಡಿಯೋ ಬಂದ ಮೇಲೆ ಅದೇ ಪಾರ್ಟಿನ ಮಿಡಿ ಟ್ರ್ಯಾಕನ್ನ ಮ್ಯೂಟ್ ಮಾಡಿ, ಇಲ್ಲದಿದ್ದರೆ ಅವರಿಬ್ಬರೂ ಒಟ್ಟಿಗೆ ಹಾಡ್ತಾರೆ. ಮ್ಯೂಟ್ ಅಂದೆ, ಡಿಲೀಟ್ ಅನ್ನಲಿಲ್ಲ.

ಒಂಬತ್ತು ಮಟ್ಟು ಹೀಗೆ ಇಳಿಸಿದ್ವಿ. ಮಿಕ್ಸ್‌ಡೌನ್ ಮಾಡುವಾಗ ಪಕ್ಕದಲ್ಲಿ ಮಾಸ್ಟ್ರು ಕೂತಿದ್ದರು. ಫೇಡರ್ ಎಷ್ಟು ಅನ್ನೋದನ್ನ ಅವರೇ ಹೇಳಿದರು. ತಾಳದ ಟ್ರ್ಯಾಕನ್ನ ಪೂರ್ತಿ ತಗ್ಗಿಸಿಬಿಟ್ಟರು: “ತಬಲದೋನು ಬೇರೆ ಊರೋನು, ಅವ್ನು ಯಾವಾಗ್ಲೂ ಲೇಟು. ನಮ್ಮಪ್ಪ ಅವ್ನ ಕಾಯ್ತಿರಲಿಲ್ಲ” ಅಂತ ನಕ್ಕರು. ಆ ವಿಷಯ ಮಿಡಿಯಲ್ಲೂ ಇಲ್ಲ, ಆಡಿಯೋದಲ್ಲೂ ಇಲ್ಲ. ಅದನ್ನ ಫೈಲಿನ ಜೊತೆ ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದಿಟ್ಟೆ. ಯಾವ ಮಟ್ಟು ಯಾವ ಪಾತ್ರದ್ದು, ಯಾವ ಶ್ರುತಿಗೆ ಹಾಡ್ತಿದ್ದರು ಅಂತೆಲ್ಲ.

ಈಗ ಒಂದೊಂದು ಹಾಡಿಗೂ ನಾಲ್ಕು ಇವೆ: ಫ್ಲಾಪಿಯಿಂದ ಬಂದ ಮಿಡಿ, ಬಿಡಿ ಬಿಡಿ ಆಡಿಯೋ ಟ್ರ್ಯಾಕುಗಳು, ಮಿಕ್ಸ್ ಆದ ಸ್ಟೀರಿಯೋ, ಮಾಸ್ಟ್ರು ಹೇಳಿದ ಟಿಪ್ಪಣಿ. ಮಿಕ್ಸ್‌ಡೌನ್ ಒಂದೇ ಸಾಕು ಅಂತ ಹಳೇ ಸ್ಟುಡಿಯೋದವರು ಅಂದುಕೊಂಡರು, ಅವರ ಕಾಲಕ್ಕೆ ಬೇರೆ ದಾರಿ ಇರಲಿಲ್ಲ. ಆಜ್ಞೆ ಒಂದೇ ಸಾಕು ಅಂತ ಮಾಸ್ಟ್ರು ಅಂದುಕೊಂಡರು, ಅದು ಆ ಕಾಲದ ಎಲ್ಲರ ನಂಬಿಕೆ. ನಮ್ಮ ಕಾಲಕ್ಕೆ ಜಾಗದ ನೆಪ ಇಲ್ಲ. ಅವತ್ತು ಫ್ಲಾಪಿಯಲ್ಲಿ ಎಂಟು ಸೆಕೆಂಡ್ ಹಿಡೀತಿದ್ದ ಕಡೆ ಇವತ್ತು ಜೇಬಿನ ಪೆನ್‌ಡ್ರೈವ್‌ನಲ್ಲಿ ಒಂದು ಊರಿನ ಎಲ್ಲಾ ನಾಟಕ ಹಿಡಿಸುತ್ತೆ.

ಇದು ಬರೀ ಹಳ್ಳಿ ಮಾಸ್ಟ್ರ ಸಮಸ್ಯೆ ಅಂದುಕೊಳ್ಳಬೇಡಿ. ವೀಕೆಂಡಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಹಾಡು ಕಟ್ಟೋ ಗೆಳೆಯರು ನನಗೆ ಬಹಳ ಜನ ಇದ್ದಾರೆ. ಅವರ ಪ್ರಾಜೆಕ್ಟ್ ಫೈಲು ತಿಂಗಳ ಬಾಡಿಗೆಯ ಪ್ಲಗಿನ್ನುಗಳ ಮೇಲೆ ನಿಂತಿದೆ. ಐದು ವರ್ಷ ಆದ ಮೇಲೆ ಆ ಫೈಲು ತೆರೆದ್ರೆ ‘ಪ್ಲಗಿನ್ ಸಿಗಲಿಲ್ಲ’ ಅನ್ನೋ ಡಬ್ಬಿ ಬರುತ್ತೆ. ಬಿಸ್ಕತ್ತಿನ ಡಬ್ಬಕ್ಕೂ ಅದಕ್ಕೂ ಏನು ವ್ಯತ್ಯಾಸ? ಹಾಡು ಮುಗಿದ ದಿನವೇ ಒಂದು ಗಂಟೆ ಎತ್ತಿಟ್ಟು, ಪ್ರತಿ ಟ್ರ್ಯಾಕನ್ನೂ ಆಡಿಯೋ ಮಾಡಿ ಇಡಿ.

ಇನ್ನು, ಊರಿಗೆ ಹೋದಾಗ ಒಂದು ವಿಚಾರಿಸಿ. ನಿಮ್ಮ ಹೋಬಳಿಯಲ್ಲೂ ಒಬ್ಬ ಕೀಬೋರ್ಡ್ ಮಾಸ್ಟ್ರು ಇದ್ದೇ ಇರ್ತಾರೆ, ಅವರ ಅಟ್ಟದ ಮೇಲೆ ಒಂದು ಡಬ್ಬವೂ ಇರುತ್ತೆ. ಫ್ಲಾಪಿಗೆ ಬೂಷ್ಟು ಹಿಡಿಯೋಕೆ ಮುಂಚೆ, ಕೀಬೋರ್ಡು ಗುಜರಿಗೆ ಹೋಗೋಕೆ ಮುಂಚೆ ಕೇಳಿ. ಫ್ಲಾಪಿ ಡ್ರೈವ್ ಬೇಕಾದ್ರೆ ನನ್ನ ಹತ್ತಿರ ಇದೆ, ಕೊಡ್ತೀನಿ.